ಬೆಸೊಬೆಲಾ, ಕೊಸೆರೆಟ್ ಬೆಳೆಸಿದವರು ಸ್ವಲ್ಪ ಹೇಳಿ

ಪ್ರಶ್ನೆ: ನಿತರ್ ಕಿಬ್ಬೆ, ಅಂದರೆ ಇಥಿಯೋಪಿಯಾದ ಮಸಾಲೆ ತುಪ್ಪಕ್ಕೆಂದೇ ಬೆಸೊಬೆಲಾ, ಕೊಸೆರೆಟ್ ಎಂಬ ಅಲ್ಲಿಯ ಈ ಎರಡು ಘಮದ ಗಿಡಗಳನ್ನೂ ಕುಂಡದಲ್ಲಿ ಹಾಕಿದ್ದೇನೆ. ಬೆಸೊಬೆಲಾ ಸಸಿಗಳು ಎರಡೆಲೆ ಬಿಟ್ಟ ಮೇಲೆ ಬುಡ ಕರಗಿ ಬೀಳುತ್ತಿವೆ. ಕೊಸೆರೆಟ್ ಹಳದಿ ತಿರುಗಿದೆ. ತಂದ ಒಣ ಸೊಪ್ಪು ಹಾಕಿ ಕಾಯಿಸಿದರೂ ತುಪ್ಪಕ್ಕೆ ಘಮ ಹತ್ತುತ್ತಿಲ್ಲ.

– ಬುಡ ಕರಗುವುದು ಶಿಲೀಂಧ್ರದ ಕಾಟ. ಬೀಜ ನೆನೆಹಾಕಿದ್ದಿರಾ? ಬೆಸೊಬೆಲಾ ಕಾಮಕಸ್ತೂರಿಯ ಬಳಗ. ಬೀಜಕ್ಕೆ ನೀರು ತಾಗಿದರೆ ಲೋಳೆ ಕಟ್ಟಿ ಒಂದಕ್ಕೊಂದು ಅಂಟುತ್ತದೆ, ಸಸಿ ಗುಂಪಾಗಿ ಏಳುತ್ತದೆ, ಗಾಳಿ ಆಡುವುದಿಲ್ಲ. ಒಣ ಬೀಜವನ್ನು ಮರಳಲ್ಲಿ ಬೆರೆಸಿ ತೆಳುವಾಗಿ ಚೆಲ್ಲಿ, ಮೇಲೆ 2–3 ಮಿ.ಮೀ. ಮಣ್ಣು ಉದುರಿಸಿ. ಕುಂಡವನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರಲು ಬಿಡಿ, 20 ನಿಮಿಷದ ಮೇಲೆ ತಟ್ಟೆ ಬರಿದು ಮಾಡಿ. 20–25 ಡಿಗ್ರಿ ಸೆಲ್ಸಿಯಸ್‌ನಲ್ಲಿ 5–10 ದಿನಕ್ಕೆ ಮೊಳಕೆ ಬರುತ್ತದೆ. 10 ಡಿಗ್ರಿಗಿಂತ ಕೆಳಗಿಳಿದರೆ ಎಲೆ ಕಪ್ಪಾಗುತ್ತದೆ.

– ಒಂದು ಸೇರಿಸುತ್ತೇನೆ. ‘ಹೂ ಕಂಡ ಕೂಡಲೇ ಚಿವುಟಿ’ ಎಂಬ ಕಾಮಕಸ್ತೂರಿಯ ಬುದ್ಧಿವಾದವನ್ನು ಇಲ್ಲಿ ಪಾಲಿಸಬೇಡಿ. ಇಲ್ಲಿ ಬೇಕಾದದ್ದೇ ಹೂಗೊಂಚಲು. ಗಿಡ ಒಂದು ಗೇಣು ಬೆಳೆದಾಗ ತುದಿಯನ್ನು ಒಮ್ಮೆ ಚಿವುಟಿ ಕವಲೊಡೆಸಿ, ಆಮೇಲೆ ಕೈ ಹಾಕಬೇಡಿ. ಗೊಂಚಲನ್ನು ನೆರಳಲ್ಲೇ ಒಣಗಿಸಿ. ಬಿಸಿಲಿಗಿಟ್ಟರೆ ಘಮದ ಎಣ್ಣೆ ಹಾರಿಹೋಗಿ ಹುಲ್ಲು ಉಳಿಯುತ್ತದೆ.

– ಕೊಸೆರೆಟ್ ಸೊಪ್ಪಲ್ಲ, ಪೊದೆ. ಕೆಳಗಿನ ಎಲೆ ಹಳದಿ, ಮಣ್ಣು ಒದ್ದೆ ಎಂದಾದರೆ ಬೇರಿಗೆ ಉಸಿರು ಕಟ್ಟಿದೆ ಎಂದರ್ಥ. ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ದಪ್ಪ ಮರಳು ಬೆರೆಸಿ ಕುಂಡ ಬದಲಿಸಿ. ಬೆರಳು ಎರಡು ಗಿಣ್ಣು ಇಳಿಸಿದಾಗ ಒಣಗಿದ್ದರೆ ಮಾತ್ರ ನೀರು. ಈಗಲೇ 10 ಸೆಂ.ಮೀ.ನ ಎರಡು ಮೂರು ಕಡ್ಡಿ ಕತ್ತರಿಸಿ ಒದ್ದೆ ಮರಳಲ್ಲಿ ಊರಿಡಿ. ತಾಯಿಗಿಡ ಹೋದರೂ ತಳಿ ಉಳಿಯುತ್ತದೆ.

– ತುಪ್ಪದ ವಿಷಯಕ್ಕೆ ಬರೋಣ. ಸೊಪ್ಪನ್ನು ಮೊದಲಿಗೇ ಹಾಕಿರುತ್ತೀರಿ, ಘಮವೆಲ್ಲ ಆವಿಯ ಜೊತೆ ಹೋಗಿರುತ್ತದೆ. ಉಪ್ಪಿಲ್ಲದ ಅರ್ಧ ಕಿಲೋ ಬೆಣ್ಣೆಗೆ ಅರ್ಧ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ, ಕಾಲು ಚಮಚ ಮೆಂತ್ಯ, ಅರ್ಧ ಚಮಚ ಅರಿಸಿನ, ಜಜ್ಜಿದ ಕೊರೊರಿಮಾ (ಅಲ್ಲಿಯ ಏಲಕ್ಕಿ) ನಾಲ್ಕೈದು. ತೀರಾ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಚಿಟಪಟ ಸದ್ದು ತಗ್ಗಿತೆಂದರೆ ನೀರಿನಂಶ ಹೋಯಿತು. ಕೊನೆಯ ಹತ್ತು ನಿಮಿಷಕ್ಕೆ ಕೊಸೆರೆಟ್, ಬೆಸೊಬೆಲಾ ಒಂದೊಂದು ದೊಡ್ಡ ಚಮಚ. ತಳದ ಗಸಿ ಹೊಂಬಣ್ಣ ದಾಟಿದರೆ ಕಹಿ. ಬಟ್ಟೆಯಲ್ಲಿ ಸೋಸಿ, ಈರುಳ್ಳಿಯ ಚೂರು ಉಳಿದರೆ ಬೇಗ ಕೆಡುತ್ತದೆ.

– ರುಚಿ ನೋಡಲು ಶಿರೋ (ಮಸಾಲೆ ಬೆರೆಸಿದ ಕಾಳಿನ ಹಿಟ್ಟಿನ ಗೊಜ್ಜು) ಮಾಡಿ. ಈರುಳ್ಳಿಯನ್ನು ಜಿಡ್ಡಿಲ್ಲದೆ ಸಣ್ಣ ಉರಿಯಲ್ಲಿ ಬಾಡಿಸಿ, ಬಳಿಕ ಸ್ವಲ್ಪ ಎಣ್ಣೆ, ಬೆರ್ಬೆರೆ (ಅಲ್ಲಿಯ ಮೆಣಸಿನಕಾಯಿ ಮಸಾಲೆ ಪುಡಿ), ನೀರು. ಕುದಿ ಬಂದ ಮೇಲೆ ಶಿರೋ ಹಿಟ್ಟನ್ನು ಉದುರಿಸುತ್ತಾ ಕಲಕಿ. ಇಳಿಸುವಾಗ ಒಂದು ಚಮಚ ನಿತರ್ ಕಿಬ್ಬೆ. ಇಂಜೆರಾದ (ಅಲ್ಲಿಯ ಹುಳಿ ದೋಸೆ) ಹುಳಿಯ ಮೇಲೆ ಕೊಸೆರೆಟ್ ಬೇರೆಯಾಗಿ ಮೂಗಿಗೆ ಬಡಿಯಬೇಕು. ಬಡಿಯದಿದ್ದರೆ ಒಣ ಸೊಪ್ಪು ಹಳತು, ನಿಮ್ಮ ಕುಂಡದ್ದು ಬರುವವರೆಗೆ ಕಾಯಿರಿ.