ಸಹಾಯ ಬೇಕು: ಮನೇಲೇ ಓದಿದ ಮಗುಗೆ ಟಿಸಿ ಎಲ್ಲಿಂದ ತರೋದು?

ಎಲ್ರಿಗೂ ಶರಣು, ನಾವು ತುಮಕೂರಿನೋರು. ಮಗಳಿಗೆ ಆರು ತುಂಬ್ತಾ ಬಂತು, ಶಾಲೆಗೆ ಹಾಕಿಲ್ಲ. ಬೆಳಗ್ಗೆ ವಿಭೂತಿ ಹಚ್ಕೊಂಡು ಅಜ್ಜಿ ಜೊತೆ ಒಂದು ವಚನ ಹೇಳ್ತಾಳೆ, ಆಮೇಲೆ ಮೊರದಲ್ಲಿ ರಾಗಿ ಹರವ್ಕೊಂಡು ಆ ವಚನದ್ದೇ ಅಕ್ಷರ ತಿದ್ದುತಾಳೆ. ಲೆಕ್ಕ ಹುಣಸೆಬೀಜದಲ್ಲಿ. (ಅರ್ಧ ಬೀಜ ಮಂಚದ ಕೆಳಗೇ ಇರ್ತವೆ!)

ಮುಂದೆ ನಾಲ್ಕನೇ ಕ್ಲಾಸಿಗೆ ಶಾಲೆ ಸೇರಿಸೋ ಯೋಚನೆ. ಹತ್ತಿರದ ಶಾಲೇಲಿ ವಿಚಾರಿಸಿದ್ರೆ ‘ಟಿಸಿ ಇಲ್ದೆ ಆಗಲ್ಲ’ ಅಂದ್ರು. 2009ರ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 4ನೇ ಸೆಕ್ಷನ್ ನೋಡಿದೆ, ಶಾಲೆಗೇ ಸೇರದ ಮಗುನ ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸ್ಕೋಬೇಕು ಅಂತಿದೆ. ಎನ್‌ಐಒಎಸ್‌ನಲ್ಲಿ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಓಬಿಇ, ಅಂದ್ರೆ ಓಪನ್ ಬೇಸಿಕ್ ಎಜುಕೇಶನ್, ‘ಎ’ ಲೆವೆಲ್ ಮೂರನೇ ಕ್ಲಾಸಿಗೆ ಸಮ ಅಂತೆ. ಎರಡರಲ್ಲಿ ಯಾವುದನ್ನ ನಂಬ್ಕೊಳ್ಳೋದು ಅನ್ನೋದೇ ಗೊಂದಲ.

ತುಮಕೂರು ಕಡೆ ಹೀಗೆ ಮಧ್ಯದಲ್ಲಿ ಸೇರಿಸಿದೋರು ಇದ್ರೆ ಹೇಳಿ: ಜನನ ಪ್ರಮಾಣಪತ್ರ ಒಂದೇ ಸಾಕಾಯ್ತಾ, ಇಲ್ಲಾ ಓಬಿಇ ಸರ್ಟಿಫಿಕೇಟ್ ಕೇಳಿದ್ರಾ?