ಕಾಮಗಾರಿ ತಡವಾಗುವುದರ ಬಗ್ಗೆ ಎಂ.ಟೆಕ್ ಪ್ರಾಜೆಕ್ಟ್: ಪ್ರಶ್ನಾವಳಿ ಬಿಟ್ಟು ಏನು ಮಾಡಬಹುದು?

ಕೇಳಿದವರು: ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್‌ನಲ್ಲಿ ಎಂ.ಟೆಕ್ ಮಾಡುತ್ತಿದ್ದೇನೆ. ‘ಕಟ್ಟಡ ಕಾಮಗಾರಿ ತಡವಾಗಲು ಕಾರಣಗಳು’ ನನ್ನ ವಿಷಯ. ಸೀನಿಯರ್‌ಗಳೆಲ್ಲ ಪ್ರಶ್ನಾವಳಿ ಹಂಚಿ, ಅಂಕ ಹಾಕಿಸಿ, ಕಾರಣಗಳಿಗೆ ರ್‍ಯಾಂಕ್ ಕೊಟ್ಟು ಮುಗಿಸಿದ್ದಾರೆ. ನನಗೆ ಸೈಟಿಗೇ ಹೋಗಿ ಏನಾದರೂ ಅಳೆಯಬೇಕು ಅಂತ ಆಸೆ. ಒಂದು ಸೆಮಿಸ್ಟರ್ ಸಮಯ ಇದೆ. ಮಾಡಿದವರು ದಯವಿಟ್ಟು ಹೇಳಿ.

ಉತ್ತರ 1 (ಸೈಟ್ ಎಂಜಿನಿಯರ್, ಈಗ ಪಾಠ ಮಾಡುತ್ತೇನೆ): ಆ ಆಸೆ ಬಿಡಬೇಡಿ. ಪ್ರಶ್ನಾವಳಿಯಲ್ಲಿ ಸಿಗುವುದು ಅಭಿಪ್ರಾಯ. ಕಂಟ್ರಾಕ್ಟರ್‌ನ ಕೇಳಿದರೆ ಡ್ರಾಯಿಂಗ್ ಲೇಟ್ ಅಂತಾರೆ, ಮಾಲೀಕರ ಕಡೆಯವರು ಕಂಟ್ರಾಕ್ಟರ್ ಹತ್ತಿರ ಜನ ಇಲ್ಲ ಅಂತಾರೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಸೈಟಿನಲ್ಲಿ ನಡೆದದ್ದು ಗೊತ್ತಾಗುವುದಿಲ್ಲ.

‘ಲಾಸ್ಟ್ ಪ್ಲ್ಯಾನರ್’ ಪದ್ಧತಿ ನೋಡಿ, ಅಂದರೆ ಸೈಟಿನಲ್ಲಿ ಕೆಲಸ ಮಾಡಿಸುವವರೇ ವಾರದ ಯೋಜನೆ ಹಾಕುವುದು. ಅಮೆರಿಕದ ಗ್ಲೆನ್ ಬಲ್ಲಾರ್ಡ್ ಮತ್ತು ಗ್ರೆಗ್ ಹೊವೆಲ್ 1990ರ ದಶಕದಲ್ಲಿ ಬೆಳೆಸಿದ್ದು. ಬಲ್ಲಾರ್ಡ್ ಅವರ ಪಿಎಚ್.ಡಿ. ಪ್ರಬಂಧ 2000ದಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಬಂತು. ಲೆಕ್ಕ ಬಹಳ ಸರಳ. ಸೋಮವಾರ ಮೇಸ್ತ್ರಿ, ಫೋರ್‌ಮನ್ ಎಲ್ಲ ಸೇರಿ ‘ಈ ವಾರ ಇಷ್ಟು ಮುಗಿಸುತ್ತೇವೆ’ ಅಂತ ಒಪ್ಪಿಕೊಂಡ ಕೆಲಸಗಳನ್ನು ಬರೆದುಕೊಳ್ಳಿ. ಶನಿವಾರ ಎಷ್ಟು ಪೂರ್ತಿ ಆಯಿತು ನೋಡಿ. 20ರಲ್ಲಿ 11 ಆದರೆ ಶೇ. 55. ಮುಕ್ಕಾಲು ಆಗಿದೆ, ಇನ್ನೇನು ಸ್ವಲ್ಪ ಇದೆ ಅನ್ನುವುದಕ್ಕೆಲ್ಲ ಸೊನ್ನೆ. ಇಲ್ಲಿ ಬಿಗಿಯಾಗಿರಿ. ಸಡಿಲ ಬಿಟ್ಟರೆ ಅಂಕಿಗೆ ಅರ್ಥ ಇರುವುದಿಲ್ಲ.

ಅಂಕಿಗಿಂತ ಮುಖ್ಯ, ಆಗದೇ ಉಳಿದ ಒಂಬತ್ತಕ್ಕೆ ಕಾರಣ. ಅದನ್ನು ಅದೇ ದಿನ, ಅಲ್ಲೇ ನಿಂತು ಬರೆಯಬೇಕು. ನಮ್ಮ ಒಂದು ಸೈಟಿನಲ್ಲಿ ಸ್ಲ್ಯಾಬ್ ಕಾಂಕ್ರೀಟ್ ಮುಂದಕ್ಕೆ ಹೋಯಿತು. ರಿಜಿಸ್ಟರ್‌ನಲ್ಲಿ ‘ಲೇಬರ್ ಕೊರತೆ’ ಅಂತಿತ್ತು. ಆದರೆ ಬೆಳಿಗ್ಗೆ ಬಾರ್ ಬೆಂಡರ್‌ಗಳು (ಕಂಬಿ ಕಟ್ಟುವವರು) ಅಲ್ಲೇ ಇದ್ದರು. ಕೆಳಗಿನ ಜಾಲಿ ಕಟ್ಟಿ ಮುಗಿದಿತ್ತು. ಮೇಲಿನ ಕಂಬಿ ಕಟ್ಟುವ ಮೊದಲು ಎಲೆಕ್ಟ್ರಿಕ್ ಪೈಪ್ ಎಳೆಯಬೇಕು. ಫ್ಯಾನ್ ಬಾಕ್ಸ್ ಎಲ್ಲಿ ಬರುತ್ತದೆ ಅನ್ನುವ ಡ್ರಾಯಿಂಗ್ ಇನ್ನೂ ಬಂದಿರಲಿಲ್ಲ, ಹಾಗಾಗಿ ಎಲೆಕ್ಟ್ರಿಷಿಯನ್ ಕೈ ಹಾಕಲಿಲ್ಲ. ಮಧ್ಯಾಹ್ನದವರೆಗೆ ಕಾದ ಗ್ಯಾಂಗ್ ಬೇರೆ ಸೈಟಿಗೆ ಹೊರಟಿತು. ಸಂಜೆ ಡ್ರಾಯಿಂಗ್ ಬಂದಾಗ ಜನ ಇರಲಿಲ್ಲ. ಸಂಜೆ ಬರೆದವರಿಗೆ ಕಂಡದ್ದು ಜನರ ಕೊರತೆ ಮಾತ್ರ. ಯಾವ ಪ್ರಶ್ನಾವಳಿಯೂ ಇದನ್ನು ಹಿಡಿಯುವುದಿಲ್ಲ, ಅಲ್ವಾ?

ಮೊದಲ ಕೆಲವು ವಾರ ಏನೂ ಬದಲಾಯಿಸದೆ ಸುಮ್ನೆ ಅಳೆಯಿರಿ. ಆಮೇಲೆ ವಾರದ ಮೀಟಿಂಗ್ ಶುರು ಮಾಡಿ. ಮುಂದಿನ ಆರು ವಾರದ ಪ್ರತಿ ಕೆಲಸಕ್ಕೂ ಡ್ರಾಯಿಂಗ್, ಸಾಮಾನು, ಜನ, ಮೆಷಿನ್, ಜಾಗ, ಹಿಂದಿನ ಕೆಲಸ, ಹೊರಗಿನ ಅಡ್ಡಿ ಇವನ್ನೆಲ್ಲ ಮೊದಲೇ ಪರೀಕ್ಷಿಸಿ. ನಂತರ ಹೋಲಿಸಿ. ಯುಗಾದಿ, ಛಟ್ (ಬಿಹಾರದ ಕಡೆಯವರ ಹಬ್ಬ) ಸಮಯದಲ್ಲಿ ಜನ ಊರಿಗೆ ಹೋಗುತ್ತಾರೆ. ಆ ವಾರಗಳನ್ನು ಬೇರೆ ಗುರುತು ಹಾಕಿ, ಇಲ್ಲದಿದ್ದರೆ ಹೋಲಿಕೆ ಕೆಡುತ್ತದೆ. ಒಂದೇ ಸೈಟಾದರೆ ‘ಕೇಸ್ ಸ್ಟಡಿ’ ಅಂತಲೇ ಹೇಳಿ, ಇಡೀ ಕರ್ನಾಟಕಕ್ಕೆ ಅನ್ವಯಿಸಬೇಡಿ.

ಉತ್ತರ 2 (ಪ್ಲ್ಯಾನಿಂಗ್ ಎಂಜಿನಿಯರ್): ಸರ್ ಹೇಳಿದ್ದು ಒಪ್ಪುತ್ತೇನೆ. ಆದರೆ ಕ್ರಿಟಿಕಲ್ ಪಾತ್ (ಯಾವುದು ತಡವಾದರೂ ಇಡೀ ಕಟ್ಟಡವೇ ತಡವಾಗುವ ಕೆಲಸಗಳ ಸರಣಿ) ಬಿಟ್ಟುಬಿಡಬೇಡಿ. 1950ರ ದಶಕದ ಕೊನೆಗೆ ಡ್ಯುಪಾಂಟ್ ಕಂಪನಿಯ ಕೆಲಸದಲ್ಲಿ ಹುಟ್ಟಿದ ಆ ಲೆಕ್ಕ ಈಗಲೂ ಬೇಕು. ವಾರದ ಕೆಲಸ ಶೇ. 80 ಮುಗಿದು, ಮುಗಿಯದ ಶೇ. 20 ಕ್ರಿಟಿಕಲ್ ಪಾತ್‌ನಲ್ಲೇ ಇದ್ದರೆ ಕಟ್ಟಡ ತಡವಾಗಿಯೇ ಆಗುತ್ತದೆ. ಪ್ರೈಮವೆರಾ (ಶೆಡ್ಯೂಲ್ ಹಾಕುವ ಸಾಫ್ಟ್‌ವೇರ್) ಬೇಸ್‌ಲೈನ್, ಅಂದರೆ ಮೊದಲು ಹಾಕಿದ ಯೋಜನೆ, ಮತ್ತು ಪ್ರತಿ ತಿಂಗಳ ಅಪ್‌ಡೇಟ್ ಎರಡನ್ನೂ ಕೇಳಿ ಪಡೆಯಿರಿ.

ಸೆಂಟ್ರಿಂಗ್ ಸಾಮಾನಿನ (ಹಸಿ ಕಾಂಕ್ರೀಟ್ ಹೊರುವ ಹಲಗೆ, ಪ್ರಾಪ್ ಅಂದರೆ ಆಸರೆ ಕಂಬ) ಲೆಕ್ಕವನ್ನೂ ಇಡಿ. ಐಎಸ್ 456:2000 (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ) ಪ್ರಕಾರ ಸಾಮಾನ್ಯ ಸಂದರ್ಭದಲ್ಲಿ ತೊಲೆ ಅಥವಾ ಗೋಡೆಗಳ ನಡುವಿನ ಅಂತರ 4.5 ಮೀಟರ್‌ವರೆಗೆ ಇರುವ ಸ್ಲ್ಯಾಬ್‌ಗೆ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ ಪ್ರಾಪ್ ತೆಗೆಯುವಂತಿಲ್ಲ. ಕೆಳಗೆ ಸಿಕ್ಕಿಕೊಂಡ ಪ್ರಾಪ್ ಮೇಲಿನ ಅಂತಸ್ತಿಗೆ ಸಿಗುವುದಿಲ್ಲ. ಎಷ್ಟು ಸೆಟ್ ಇದೆ ಅಂತ ಎಣಿಸದೆ ಹಾಕಿದ ಶೆಡ್ಯೂಲ್ ಹಲವು ಕಡೆ ನೋಡಿದ್ದೇನೆ.

ಓದಲು: ಲೌರಿ ಕೊಸ್ಕೆಲಾ ಅವರ 1992ರ ಸ್ಟ್ಯಾನ್‌ಫರ್ಡ್ ವರದಿ (ಕಾರ್ಖಾನೆ ಉತ್ಪಾದನೆಯ ವಿಚಾರಗಳನ್ನು ಕಟ್ಟಡ ಕೆಲಸಕ್ಕೆ ತಂದದ್ದು). ಐಜಿಎಲ್‌ಸಿ (ಪೋಲು ತಗ್ಗಿಸಿ ಕಟ್ಟುವ ‘ಲೀನ್ ಕನ್‌ಸ್ಟ್ರಕ್ಷನ್’ ಕುರಿತ ಅಂತರರಾಷ್ಟ್ರೀಯ ಗುಂಪು) ಸಮ್ಮೇಳನದ ಪ್ರಬಂಧಗಳೂ ಉಚಿತವಾಗಿ ಸಿಗುತ್ತವೆ. 2018ರಲ್ಲಿ ಅದು ಚೆನ್ನೈನಲ್ಲೇ ನಡೆಯಿತು, ನಮ್ಮ ದೇಶದ ಸೈಟುಗಳ ಬಗ್ಗೆ ಬರೆದದ್ದು ಅದರಲ್ಲಿ ಸಿಗುತ್ತದೆ.

ಕೇಳಿದವರು: ತುಂಬಾ ಥ್ಯಾಂಕ್ಸ್. ಆದರೆ ಕಂಟ್ರಾಕ್ಟರ್ ಒಳಗೆ ಬಿಡುತ್ತಾರಾ? ಮೇಸ್ತ್ರಿಗಳು ನಿಜ ಹೇಳುತ್ತಾರಾ?

ಉತ್ತರ 1: ಕಾಲೇಜಿನ ಪತ್ರ ತಗೊಂಡು ಪ್ರಾಜೆಕ್ಟ್ ಮ್ಯಾನೇಜರ್‌ನ ನೇರ ನೋಡಿ. ಕಂಪನಿ ಹೆಸರು, ಯಾರ ಹೆಸರೂ ಬರೆಯುವುದಿಲ್ಲ ಅಂತ ಲಿಖಿತವಾಗಿ ಕೊಡಿ. ವಾರದ ಅಂಕಿಯನ್ನು ಮೇಸ್ತ್ರಿಯ ಬಿಲ್ ಕಡಿಯಲು ಬಳಸಬಾರದು ಅಂತಲೂ ಮೊದಲೇ ಮಾತಾಡಿ. ಒಮ್ಮೆ ಹಾಗಾದರೆ ಮುಂದಿನ ವಾರದಿಂದ ಯಾರೂ ನಿಜ ಹೇಳುವುದಿಲ್ಲ, ಸುಲಭದ ಕೆಲಸಕ್ಕೆ ಮಾತ್ರ ಒಪ್ಪಿಕೊಳ್ಳುತ್ತಾರೆ. ಶನಿವಾರ ಸಂಜೆ ಬಟವಾಡೆ ಇರುತ್ತದೆ, ಆಗ ಯಾರನ್ನೂ ಕೂರಿಸಬೇಡಿ. ಬೆಳಿಗ್ಗೆ ಟೀ ಹೊತ್ತಿಗೆ ಹೋಗಿ.