1947ರ ನ್ಯೂಯಾರ್ಕ್ ಹಿಮ, ಅಜ್ಜಿಯ ಕೇಕು, ಒಂದು ಕೆಂಪು ಬಿಲ್ಲೆ

ಬೇಸ್‌ಮೆಂಟ್ ಭಟ್ಟ:
ಗೊತ್ತಿದ್ದವರು ಸ್ವಲ್ಪ ಹೇಳಿ. 1995ರಲ್ಲಿ ಎಂ.ಎಸ್. ಮಾಡೋಕೆ ಬಂದಾಗ ಕ್ವೀನ್ಸ್‌ನಲ್ಲಿ ಒಬ್ಬ ಅಜ್ಜಿಯ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆ. ಮಾರನೇ ಜನವರಿಯಲ್ಲಿ ಇಪ್ಪತ್ತು ಇಂಚು ಹಿಮ ಬಿದ್ದು ಕಾಲೇಜು ಮುಚ್ಚಿತು. ನನ್ನ ಹತ್ರ ಇದ್ದದ್ದು ಅಕ್ಕಿ, ಉಪ್ಪಿನಕಾಯಿ ಅಷ್ಟೇ. ಅಜ್ಜಿ ಮೇಲಿಂದ ಕೋಲಿನಲ್ಲಿ ನೆಲ ಕುಟ್ಟಿದರು (ಅದೇ ನಮ್ಮ ಇಂಟರ್‌ಕಾಮ್). ಸೂಪು ಬಡಿಸ್ತಾ, “ಇದೂ ಒಂದು ಹಿಮವೇನಪ್ಪಾ, ನಲವತ್ತೇಳರದ್ದು ನೋಡಬೇಕಿತ್ತು” ಅಂತ ಶುರು ಮಾಡಿದರು.

ಅವರ ಮದುವೆ ಆದದ್ದು ಆ ವರ್ಷದ ಸೆಪ್ಟೆಂಬರಿನಲ್ಲಂತೆ. ಗಂಡ ನೌಕಾಪಡೆಯಿಂದ ಬಂದವರು. ಊರಲ್ಲೆಲ್ಲ ಅಂಥ ಹುಡುಗರೇ, ಬಾಡಿಗೆ ಮನೆ ಸಿಗೋದೇ ಕಷ್ಟ. ಯಾರದೋ ಮಹಡಿ ಮೇಲೆ ಎರಡು ರೂಮು, ಒಂದು ಕಡೆಗೆ ವಾಲಿದ ಒಲೆ. ಸಕ್ಕರೆಗೆ ರೇಷನ್ ತೆಗೆದ ಮೇಲೆ ಬಂದ ಮೊದಲ ಕ್ರಿಸ್‌ಮಸ್ಸು. ಅತ್ತೆಗೆ ತೋರಿಸಲೇಬೇಕು ಅಂತ ಧಾರಾಳವಾಗಿ ಸಕ್ಕರೆ ಸುರಿದು ದೊಡ್ಡ ಹಣ್ಣಿನ ಕೇಕು ಮಾಡಿದರಂತೆ. ಒಲೆ ವಾಲಿದ ಕಡೆಗೇ ಕೇಕೂ ವಾಲಿತ್ತು. ಸರಿ, ಅತ್ತೆ ಮನೆಗೆ ಹೊರಡಬೇಕು ಅಂತ ಇಳಿದು ನೋಡಿದರೆ ಬೀದಿ ಬಾಗಿಲೇ ತೆಗೆಯೋಕಾಗದಷ್ಟು ಹಿಮ! ನಾಲ್ಕು ದಿನ ಗಂಡ ಹೆಂಡ್ತಿ ಇಬ್ಬರೇ ಕೂತು ಆ ಕೇಕು ತಿಂದು ಮುಗಿಸಿದರು. ಗಂಡ ಹುಮ್ಮಸ್ಸಿನಲ್ಲಿ ಕಾಫಿಗೆ ನಾಲ್ಕು ಚಮಚ ಸಕ್ಕರೆ ಹಾಕ್ಕೊಂಡು, ಕುಡಿಯಲಾರದೆ ಸಿಂಕಿಗೆ ಚೆಲ್ಲಿದರಂತೆ. ನಲವತ್ತೆಂಟು ವರ್ಷ ಕಳೆದರೂ ಅಜ್ಜಿಗೆ ಆ ಸಿಟ್ಟು ಇಳಿದಿರಲಿಲ್ಲ.

ನಾನು ಮನೆ ಖಾಲಿ ಮಾಡುವಾಗ ಗುಂಡಿಗಳ ಡಬ್ಬಿಯಿಂದ ಒಂದು ಕೆಂಪು ಬಿಲ್ಲೆ ತೆಗೆದುಕೊಟ್ಟರು. ಅಂಗಿ ಗುಂಡಿಯಷ್ಟೇ ಹಗುರ, ನಡುವೆ 1 ಅಂತ ಇದೆ. ಸಕ್ಕರೆ ಕೊಳ್ಳೋಕೆ ಇದೇನಾ ಕೊಡ್ತಿದ್ದದ್ದು? ಯುದ್ಧ 45ಕ್ಕೇ ಮುಗಿದಿತ್ತಲ್ಲ, ಸಕ್ಕರೆಗೆ ಮಾತ್ರ ಯಾಕೆ 47ರವರೆಗೂ ರೇಷನ್ನು? ಇನ್ನೊಂದು, ಆ ವರ್ಷ ಕ್ರಿಸ್‌ಮಸ್ ದಿನ ಹಿಮವೇ ಬಿದ್ದಿಲ್ಲ, ನಿಮ್ಮಜ್ಜಿ ಬುರುಡೆ ಬಿಟ್ಟಿದ್ದಾರೆ ಅಂತ ನಮ್ಮನೆಯವಳ ವಾದ.

ನಾಣ್ಯದ ಡಬ್ಬಿ:
ಸಕ್ಕರೆಗಲ್ಲ ಸ್ವಾಮಿ. ಸಕ್ಕರೆಗೆ ರೇಷನ್ ಪುಸ್ತಕದಿಂದ ಚೀಟಿ ಹರಿದು ಕೊಡಬೇಕಿತ್ತು. ಕೆಂಪು ಪಾಯಿಂಟು ಮಾಂಸ, ಬೆಣ್ಣೆ, ಕೊಬ್ಬಿಗೆ, ನೀಲಿ ಪಾಯಿಂಟು ಡಬ್ಬಿ ಆಹಾರಕ್ಕೆ. ಹತ್ತು ಪಾಯಿಂಟಿನ ಚೀಟಿ ಕೊಟ್ಟು ಏಳು ಪಾಯಿಂಟಿನ ಮಾಂಸ ಕೊಂಡರೆ ಮಿಕ್ಕ ಮೂರಕ್ಕೆ ಚಿಲ್ಲರೆಯಾಗಿ ಈ ಬಿಲ್ಲೆ. ಬಂದದ್ದು 1944ರಲ್ಲಿ. ಲೋಹವೆಲ್ಲ ಯುದ್ಧಕ್ಕೆ ಬೇಕಿತ್ತಲ್ಲ, ಅದಕ್ಕೇ ಗಟ್ಟಿಯಾಗಿ ಒತ್ತಿದ ನಾರಿನಲ್ಲಿ ಮಾಡಿದ್ದು. 1ರ ಎರಡೂ ಪಕ್ಕ ಒಂದೊಂದು ಪುಟ್ಟ ಅಕ್ಷರ ಇರುತ್ತೆ, ನೋಡಿ ಹೇಳಿ. ನಮ್ಮಂಥ ಹುಚ್ಚರು ಆ ಜೋಡಿಗಳನ್ನು ಹುಡುಕ್ತಾ ಇರ್ತೀವಿ.

ಇನ್ನೊಂದು ದಾರೀಲೂ ಸಿಕ್ಕಿರಬಹುದು. ಹುರಿದ ಮೇಲೆ ಬಾಣಲೆಯಲ್ಲಿ ಉಳಿದ ಕೊಬ್ಬನ್ನು ಸೋಸಿಟ್ಟು ಕಟುಕನ ಅಂಗಡಿಗೆ ಕೊಟ್ಟರೆ ಒಂದು ಪೌಂಡಿಗೆ ನಾಲ್ಕು ಸೆಂಟು, ಜೊತೆಗೆ ಎರಡು ಕೆಂಪು ಪಾಯಿಂಟು. ಆ ಕೊಬ್ಬಿನಿಂದ ಗ್ಲಿಸರಿನ್, ಗ್ಲಿಸರಿನ್‌ನಿಂದ ಸಿಡಿಮದ್ದು.

ಹಿಮಗಿರಿ ಅನಸೂಯ:
ಅಜ್ಜಿಯೂ ಸರಿ, ನಿಮ್ಮನೆಯವರೂ ಸರಿ. ಹಿಮ ಶುರುವಾದದ್ದು ಕ್ರಿಸ್‌ಮಸ್‌ನ ಮಾರನೇ ದಿನ, 26ರ ಶುಕ್ರವಾರ ಬೆಳಗಿನ ಜಾವ. ಇಷ್ಟು ಬೀಳುತ್ತೆ ಅಂತ ಹವಾಮಾನದವರಿಗೂ ಅಂದಾಜಿರಲಿಲ್ಲ. ಸೆಂಟ್ರಲ್ ಪಾರ್ಕಿನಲ್ಲಿ ಅಳೆದದ್ದು 26.4 ಇಂಚು, ನೀವು ಕಂಡ 96ರದ್ದು 20.2. ನಲವತ್ತೇಳರ ದಾಖಲೆ 2006ರವರೆಗೂ ಮುರಿಯಲಿಲ್ಲ. ಅತ್ತೆ ಮನೆಗೆ ಹೊರಟದ್ದು ಹಬ್ಬದ ಮಾರನೇ ದಿನ ಅಂತ ಇಟ್ಟುಕೊಳ್ಳಿ, ಕತೆ ಸರಿಹೋಗುತ್ತೆ.

ಸಕ್ಕರೆ ವಿಷಯ: 1942ರಲ್ಲಿ ರೇಷನ್ನಿಗೆ ಬಂದ ಮೊದಲ ಆಹಾರ ಅದೇ, ಶುರುವಿನಲ್ಲಿ ತಲೆಗೆ ವಾರಕ್ಕೆ ಅರ್ಧ ಪೌಂಡು. ಅಮೆರಿಕಕ್ಕೆ ಫಿಲಿಪ್ಪೀನ್ಸಿನಿಂದ ತುಂಬಾ ಸಕ್ಕರೆ ಬರ್ತಿತ್ತು, ಜಪಾನು ಆ ದೇಶ ಹಿಡಿದ ಮೇಲೆ ನಿಂತುಹೋಯಿತು. ಯುದ್ಧ ಮುಗಿದ ಮಾತ್ರಕ್ಕೆ ಹಾಳಾದ ಗದ್ದೆ, ಗಿರಣಿ ಎದ್ದು ನಿಲ್ಲುತ್ತವೆಯೇ? ಮಾಂಸ, ಬೆಣ್ಣೆಯ ರೇಷನ್ 1945ರ ನವೆಂಬರಿನಲ್ಲೇ ಹೋಯಿತು, ಸಕ್ಕರೆಗೆ ಬಿಡುಗಡೆ ಸಿಕ್ಕಿದ್ದು 1947ರ ಜೂನಿನಲ್ಲಿ.

ಸಕ್ಕರೆ ಚೀಲ:
ಆ ನಾಲ್ಕು ಚಮಚ ಚೆಲ್ಲಿದ್ದಕ್ಕೆ ನನಗೂ ಹೊಟ್ಟೆ ಉರೀತು. ಚಿಕ್ಕವನಿದ್ದಾಗ ಸೊಸೈಟಿ ಕ್ಯೂನಲ್ಲಿ ಮಧ್ಯಾಹ್ನವೆಲ್ಲ ನಿಂತು, ಸರದಿ ಬರುವಷ್ಟರಲ್ಲಿ “ಸಕ್ಕರೆ ಮುಗೀತು, ಸೋಮವಾರ ಬಾ” ಅನ್ನಿಸಿಕೊಂಡು ಬಂದವನು ನಾನು.

ಬೇಸ್‌ಮೆಂಟ್ ಭಟ್ಟ:
ಎಲ್ಲರಿಗೂ ಥ್ಯಾಂಕ್ಸ್. ಭೂತಗನ್ನಡಿ ಹಿಡಿದು ನೋಡಿದೆ, ಅಕ್ಷರಗಳು ಯು ಮತ್ತು ವಿ. 26ನೇ ತಾರೀಕನ್ನು ಮನೆಯಲ್ಲಿ ತೋರಿಸಿದ್ದಕ್ಕೆ “ಹಾಗಾದ್ರೆ ನಾನು ಹೇಳಿದ್ದೇ ಸರಿ ತಾನೇ” ಅಂದಳು. ಬಿಟ್ಟುಬಿಟ್ಟೆ.

ಆದರೆ ಡಬ್ಬಿಯವರೇ, ಆ ಕೊಬ್ಬಿನ ಮಾತು ಯಾಕಾದ್ರೂ ಎತ್ತಿದಿರಿ! ಅಜ್ಜಿಯ ಒಲೆ ಪಕ್ಕ ಒಂದು ಹಳೇ ಕಾಫಿ ಡಬ್ಬಿ ಇರ್ತಿತ್ತು, ಬಾಯಿಗೆ ಬಟ್ಟೆ ಕಟ್ಟಿ. ಹುರಿದದ್ದೆಲ್ಲ ಅದಕ್ಕೇ ಸೋಸೋರು. ಏನಜ್ಜಿ ಅದು ಅಂದ್ರೆ “ಹಳೇ ಅಭ್ಯಾಸ” ಅನ್ನೋರು. ಸೂಪು ಬರೀ ತರಕಾರಿದು ಅಂತಲೂ ಅವರೇ ಹೇಳಿದ್ದು. ಮೂರು ದಿನ ಕುಡಿದಿದ್ದೀನಿ, ಬಹಳ ರುಚಿಯಾಗಿತ್ತು. ನಮ್ಮಮ್ಮ ಯಾರಿಗಾದ್ರೂ ಪರಿಚಯ ಇದ್ರೆ ದಯವಿಟ್ಟು ಇದನ್ನು ಫಾರ್ವರ್ಡ್ ಮಾಡಬೇಡಿ.